ಊಟದ ಬೆಲ್ ತಡವಾದ ಗುರುವಾರ

ಕಲ್ಲುಕಟ್ಟೆಪುರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ ಕೆರೆ ಏರಿ ಒಡೆದ ವರ್ಷವನ್ನು ಮರೆತರೂ ಮರೆಯಬಹುದು, ಊರಿಗೆ ಕರೆಂಟು ಬಂದ ದಿನವನ್ನು ಅಡಿಟಿಪ್ಪಣಿಗೆ ತಳ್ಳಿದರೂ ತಳ್ಳಬಹುದು. ಆದರೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಊಟದ ಬೆಲ್ಲು ತಡವಾಗಿ ಹೊಡೆದ ಆ ಗುರುವಾರಕ್ಕೆ ಒಂದು ಪೂರ್ತಿ ಅಧ್ಯಾಯ ಮೀಸಲಿಡದೆ ಗತಿಯಿಲ್ಲ.

ಎಷ್ಟು ತಡವಾಯಿತು ಎಂಬುದರಲ್ಲಿ ಒಮ್ಮತವಿಲ್ಲ. ಹೆಡ್‌ಮಾಸ್ಟರ್ ಕೆಂಪಯ್ಯನವರು 'ಒಂದೈದು ಹತ್ತು ನಿಮಿಷ' ಎಂದರು. ಬಿಸಿಯೂಟದ ದೇವಿರಮ್ಮ, ಅನ್ನ ಅಂಬಲಿಯಾಗುವಷ್ಟು ಎಂದಳು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಬೋರಯ್ಯನ ಪ್ರಕಾರ ಅಷ್ಟು ಹೊತ್ತಿನಲ್ಲಿ ಒಂದು ಟ್ರಾಕ್ಟರು ಕಬ್ಬು ಮಂಡ್ಯ ಮುಟ್ಟಿ ವಾಪಸ್ಸು ಬರುತ್ತಿತ್ತು.

ಊರಿನವರೆಲ್ಲರ ಜೇಬಿನಲ್ಲೂ ಫೋನಿದೆ. ಆದರೂ ಶಾಲೆಯ ಬೆಲ್ಲಿಗೆ ಇಷ್ಟು ಬೆಲೆ ಏಕೆ ಎಂದು ಹೊರಗಿನವರು ಕೇಳಬಹುದು. ಫೋನು ಟೈಮು ತೋರಿಸುತ್ತದೆ, ಊಟಕ್ಕೆ ಬಿಡುವುದಿಲ್ಲ. ಬೋರಯ್ಯನ ಗದ್ದೆಯಲ್ಲಿ ಕಬ್ಬು ಕಡಿಯುವ ಆಳುಗಳು ಬೋರಯ್ಯನ ಫೋನನ್ನು ನಂಬುವುದಿಲ್ಲ. ಆಳುಗಳ ಫೋನನ್ನು ಬೋರಯ್ಯ ನಂಬುವುದಿಲ್ಲ. ಹಿಂದೊಮ್ಮೆ ಇದೇ ವಿಷಯಕ್ಕೆ ಕುಡುಗೋಲು ಎತ್ತುವ ತನಕ ಹೋಗಿ, ಪಂಚಾಯಿತಿ ಕಟ್ಟೆಯಲ್ಲಿ ತೀರ್ಮಾನವಾಗಿತ್ತು: ಶಾಲೆಯ ಬೆಲ್ಲು ಹೊಡೆದಾಗ ಊಟ, ಶಾಲೆ ಬಿಟ್ಟಾಗ ಕೆಲಸ ಬಂದ್. ಅಂದಿನಿಂದ ಸುತ್ತಲಿನ ಗದ್ದೆಗಳಿಗೆಲ್ಲ ಅದೇ ಕಾನೂನು. ದೇಶದ ಬೇರೆ ಕಾನೂನುಗಳ ಗತಿ ಏನೇ ಇರಲಿ, ಈ ಒಂದು ಕಾನೂನನ್ನು ಕಲ್ಲುಕಟ್ಟೆಪುರ ಚಾಚೂ ತಪ್ಪದೆ ಪಾಲಿಸಿತ್ತು.

ಆ ಗುರುವಾರ ಆಳುಗಳು ಕಾದರು, ಕತ್ತೆತ್ತಿ ಸೂರ್ಯನನ್ನು ನೋಡಿದರು, ಕೊನೆಗೆ ಕುಡುಗೋಲು ಬಿಸಾಡಿ ಬದುವಿನ ಮೇಲೆ ಕೂತೇಬಿಟ್ಟರು. ಬೋರಯ್ಯ ಬೈಕು ಹತ್ತಿ ಶಾಲೆಗೆ ಬಂದ.

"ಏನ್ ಮೇಷ್ಟ್ರೇ, ಸಾಲೇಲಿ ಎಲ್ರೂ ಮಲಿಕ್ಕಬುಟ್ಟಿದ್ರಾ?"

"ಅಯ್ಯೋ ಇಲ್ಲ ಬೋರಣ್ಣ," ಎಂದರು ಕೆಂಪಯ್ಯ. "ಮಾಹೀನು ಇವತ್ತು ವೀಣ ಮೇಡಂ ಹತ್ರ ಪಾಠಕ್ಕೆ ಕೂತಿದ್ಲು."

"ಪಾಠಕ್ಕಾ?" ಬೋರಯ್ಯನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಬೆಲ್ ವಡ್ಯೋ ಒತ್ನಲ್ಲಿ ಪಾಠ ಯಾತುಕ್ಕೆ?"

ಆಗ ವರಾಂಡದಲ್ಲಿ ನಿಂತಿದ್ದ, ಕೈಯೆಲ್ಲ ಸೀಮೆಸುಣ್ಣವಾಗಿದ್ದ ಹೆಂಗಸೇ ವೀಣ. ಮಳವಳ್ಳಿ ತಾಲ್ಲೂಕಿನಲ್ಲಿ ಕಿವಿ ಕೇಳದ, ಕಣ್ಣು ಕಾಣದ, ನಡೆಯಲಾಗದ, ಬುದ್ಧಿ ನಿಧಾನವಾದ ಮಕ್ಕಳಿಗೆಲ್ಲ ಕಲಿಸಬೇಕಾದ ಗುತ್ತಿಗೆ ಶಿಕ್ಷಕಿ. ತಾಲ್ಲೂಕು ದೊಡ್ಡದು, ವೀಣ ಒಬ್ಬಳೇ. ಹಾಗಾಗಿ ಒಂದೊಂದು ಊರಿಗೆ ವಾರದ ಒಂದೊಂದು ದಿನ ಎಂದು ಸಂತೆಯ ಹಾಗೆ ಹಂಚಿಕೊಂಡಿದ್ದಳು. ಕಲ್ಲುಕಟ್ಟೆಪುರಕ್ಕೆ ಗುರುವಾರ. ಹಲಗೂರಿನಲ್ಲಿ ಬಸ್ಸಿಳಿದು, ಹೊರೆ ಹುಲ್ಲಿನ ಜೊತೆ ಆಟೋದಲ್ಲಿ ಕೂತು ಬರುತ್ತಿದ್ದಳು.

ಅವಳ ಬ್ಯಾಗಿನಲ್ಲಿ ಕಾಯ್ದೆಯ ಪುಸ್ತಕವೊಂದು ಯಾವಾಗಲೂ ಇರುತ್ತಿತ್ತು. ಬಿ.ಎಡ್. ಓದುವಾಗ ಆ ಚರಿತ್ರೆಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ತೊಂಬತ್ತೈದರಲ್ಲಿ ಒಂದು ಕಾಯ್ದೆ ಬಂತು: ಇಂಥ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ಶಿಕ್ಷಣ ಉಚಿತ. ಎರಡು ಸಾವಿರದ ಒಂಬತ್ತರಲ್ಲಿ ಇನ್ನೊಂದು: ಶಿಕ್ಷಣವೆಂಬುದು ಧರ್ಮವಲ್ಲ, ಹಕ್ಕು. ಅದಕ್ಕೊಂದು ತಿದ್ದುಪಡಿ: ತೀರಾ ಕಷ್ಟವಿದ್ದವರಿಗೆ ಮನೆಯಲ್ಲೇ ಪಾಠ. ಹದಿನಾರರಲ್ಲಿ ಮತ್ತೊಂದು: ಪಕ್ಕದ ಮಗು ಕೂತ ಬೆಂಚಿನಲ್ಲೇ ಈ ಮಗುವೂ ಕೂರಬೇಕು, ಅದಕ್ಕೆ ತಿಳಿಯುವ ಭಾಷೆಯಲ್ಲೇ ಕಲಿಸಬೇಕು. ಒಂದಕ್ಕಿಂತ ಒಂದು ಚೆಂದದ ಕಾಯ್ದೆ. ಹಾಗೆ ಕಾಲಕಾಲಕ್ಕೆ ಮಕ್ಕಳ ಹೆಸರೂ ಬದಲಾಗುತ್ತ ಹೋಯಿತು. ಅಂಗವಿಕಲರು ವಿಕಲಚೇತನರಾದರು, ವಿಕಲಚೇತನರು ವಿಶೇಷಚೇತನರಾದರು. ಪ್ರತಿ ಸಲವೂ ತಾಲ್ಲೂಕು ಕಚೇರಿಯ ಬೋರ್ಡನ್ನು ಹೊಸದಾಗಿ ಬರೆಸಲಾಯಿತು. ಕಲ್ಲುಕಟ್ಟೆಪುರದಲ್ಲಿ ಮಾತ್ರ ಮಾಹೀನ್ ಮೊದಲಿನಿಂದಲೂ 'ಮೂಗಿ'ಯೇ. ಅದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ.

ಮಾಹೀನ್‌ಗೆ ಹನ್ನೊಂದು ವರ್ಷ, ಐದನೇ ತರಗತಿ. ಊರ ಬಾಗಿಲಲ್ಲಿ ಪಂಕ್ಚರ್ ಹಾಕುವ, ಬೈಕು ರಿಪೇರಿ ಮಾಡುವ ಪೀರ್ ಪಾಷಾನ ಮಗಳು. ತಾಯಿ ಆಮ್ನಾ ಗಾರ್ಮೆಂಟ್ಸ್ ವ್ಯಾನು ಹತ್ತಿ ಬೆಳಗ್ಗೆಯೇ ಮದ್ದೂರಿನ ಕಡೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಹುಡುಗಿಯನ್ನು ಸಾಕಿದ್ದೆಲ್ಲ ಅಜ್ಜಿ ಜಾನ್ ಬೀ. ಮಂಡ್ಯದ ಕ್ಯಾಂಪಿನಲ್ಲಿ ಮಾಹೀನ್‌ಗೆ ಕಿವಿಗೆ ಹಾಕುವ ಮಿಷಿನ್ನು ಕೊಟ್ಟಿದ್ದರು. ಸರ್ಕಾರದ ಸಾಮಾನು, ಕಳೆದರೆ ಯಾರು ಉತ್ತರ ಹೇಳುವುದು ಎಂದು ಜಾನ್ ಬೀ ಅದನ್ನು ತನ್ನ ಮೂಗುಬಟ್ಟಿನ ಜೊತೆ ಟ್ರಂಕಿನಲ್ಲಿ ಭದ್ರ ಮಾಡಿದ್ದಳು. ರಂಜಾನಿನ ದಿನ ಹೊಸ ಬಟ್ಟೆ ಹಾಕಿ, ಮಿಷಿನ್ನನ್ನೂ ತೊಡಿಸುತ್ತಿದ್ದಳು. ಬ್ಯಾಟರಿ ಯಾವಾಗಲೋ ಸತ್ತಿತ್ತು. ಬದುಕಿದ್ದಾಗಲೂ ಅದರಿಂದ ಹೆಚ್ಚೇನೂ ಕೇಳಿಸುತ್ತಿರಲಿಲ್ಲ ಎಂಬುದು ವೀಣಳಿಗೆ ಗೊತ್ತಿತ್ತು.

ಬೆಲ್ಲಿನ ಕೆಲಸ ಮಾಹೀನ್‌ಗೆ ಬಂದದ್ದು ಕೆಂಪಯ್ಯನವರ ಒಳ್ಳೆಯತನದಿಂದ. ಅಂಗಳದ ಹೊಂಗೆ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ನೇತು ಹಾಕಿತ್ತು. ಅದೇ ಶಾಲೆಯ ಬೆಲ್ಲು. ಹಿಂದೆ ಬೆಲ್ ಹೊಡೆಯುತ್ತಿದ್ದ ಹುಡುಗರು ಗಣಿತದ ಪೀರಿಯಡ್ಡನ್ನು ಅರ್ಧಕ್ಕೇ ಮುಗಿಸಿಬಿಡುತ್ತಿದ್ದರು, ಆಟದ ಪೀರಿಯಡ್ಡನ್ನು ಮುಗಿಸುವುದನ್ನೇ ಮರೆಯುತ್ತಿದ್ದರು. ಇತ್ತ ಮಾಹೀನ್ ತರಗತಿಯಲ್ಲಿ ಸುಮ್ಮನೆ ಕೂತು ಕಿಟಕಿ ನೋಡುತ್ತಿದ್ದಳು. ಪಾಪ, ಮಗೂಗೆ ಬೇಜಾರು ಎಂದು ಕೆಂಪಯ್ಯನವರು ಒಂದು ದಿನ ಕಬ್ಬಿಣದ ಸಲಾಕೆಯನ್ನು ಅವಳ ಕೈಗೆ ಕೊಟ್ಟು, ಗಡಿಯಾರ ತೋರಿಸಿ, ಮುಳ್ಳು ಇಲ್ಲಿ ಬಂದಾಗ ಹೊಡಿ ಎಂದು ಕೈಸನ್ನೆಯಲ್ಲಿ ಹೇಳಿದರು. ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ವರಾಂಡದಲ್ಲಿ ಗಡಿಯಾರದ ಎದುರು ಅವಳಿಗೊಂದು ಸ್ಟೂಲು ಹಾಕಿಸಿದರು. ಅಂದಿನಿಂದ ಅವಳ ಜಾಗ ಅದೇ. ಮುಳ್ಳಿನ ಮೇಲೆ ಕಣ್ಣಿಟ್ಟು ಕೂರುವಳು. ಹೊತ್ತಾದಾಗ ಎದ್ದು ಹೋಗಿ ಹೊಡೆಯುವಳು. ಹೊಡೆದ ಮೇಲೆ ಅಂಗೈಯನ್ನು ಕಂಬಿಯ ಮೇಲೆ ಇಟ್ಟು ಅದರ ನಡುಕ ನಿಲ್ಲುವವರೆಗೂ ನಿಂತಿದ್ದು ಬರುವಳು.

ಊರು ಮೆಚ್ಚಿತು. ಮೂಗಿಯ ಬೆಲ್ಲು ಎಂದರೆ ರೇಡಿಯೋ ಇದ್ದ ಹಾಗೆ ಎಂದರು. ಡಿಸೆಂಬರ್ ಮೂರರ ವಿಶೇಷಚೇತನರ ದಿನಕ್ಕೆ ಕೆಂಪಯ್ಯನವರು ಅವಳು ಸಲಾಕೆ ಎತ್ತಿ ನಿಂತ ಫೋಟೋ ಕಳಿಸಿದರು. ಶಾಲೆಗೆ ಒಂದು ಪ್ರಶಸ್ತಿಯೂ ಬಂತು. ಮಂಡ್ಯದಲ್ಲಿ ಸಮಾರಂಭ, ಮಹಡಿಯ ಮೇಲಿನ ಸಭಾಂಗಣ. ಗಾಲಿ ಕುರ್ಚಿಯ ಮಕ್ಕಳನ್ನು ಮೂಟೆಯ ಹಾಗೆ ಹೊತ್ತು ಮೇಲೇರಿಸಿ, ಅಡೆತಡೆಯಿಲ್ಲದ ಪರಿಸರದ ಬಗ್ಗೆ ಭಾಷಣ ಕೇಳಿಸಿ, ಮತ್ತೆ ಹೊತ್ತು ಇಳಿಸಿದರು.

"ಸಮಾನ ಅವಕಾಶ ಅಂದ್ರೆ ಇನ್ನೇನು ಮೇಡಂ?" ಎಂದು ಕೆಂಪಯ್ಯ ವೀಣಳನ್ನು ಕೇಳಿದ್ದರು. "ಇಡೀ ಸ್ಕೂಲು ಅವಳ ಕೈಯಲ್ಲಿ ನಡೀತೈತೆ. ನಾನೇ ಅವಳು ಬಿಟ್ರೆ ಊಟಕ್ಕೆ ಹೋಗೋದು."

"ಸಾರ್, ಅವಳು ಕ್ಲಾಸೊಳಗೆ ಯಾವಾಗ ಕೂರ್ತಾಳೆ?"

"ಕೂತ್ಕೊಳ್ಳಲಿ, ಯಾರು ಬ್ಯಾಡ ಅಂದ್ರು? ಆದ್ರೆ ಒಳಗಿಂದ ಗಡಿಯಾರ ಕಾಣಲ್ವಲ್ಲ."

ಮಾಹೀನ್‌ಗೆ ಓದು ಬರುವುದಿಲ್ಲ ಎಂದು ಹೇಳಿದರೆ ಶಾಲೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಬಾಗಿಲಿನಿಂದ ಕಾಣುವ ಬೋರ್ಡಿನ ಮೇಲೆ ಇದ್ದದ್ದನ್ನೆಲ್ಲ ಚಿತ್ರ ಬಿಡಿಸುವಂತೆ ತಪ್ಪಿಲ್ಲದೆ ಇಳಿಸುತ್ತಿದ್ದಳು. ಮೇಷ್ಟ್ರು 'ಗುಡ್' ಎಂದು ಕೆಂಪು ಶಾಯಿಯಲ್ಲಿ ಬರೆದರೆ ಅದನ್ನೂ ಕೆಳಗೆ ಇಳಿಸುತ್ತಿದ್ದಳು. ಆ ಗೀಟುಗಳಿಗೆ ಅರ್ಥವೆಂಬುದೊಂದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಗೆ ಹೇಳುವುದು ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ವೀಣಳಿಗೆ ಬೇಕಾಗಿದ್ದುದು ಅದೊಂದೇ: ಈ ಹುಡುಗಿಗೆ ಓದು ತಾಗಬೇಕು, ತಾಗಿದ ಮೇಲೆ ತರಗತಿಯೊಳಗೆ ಕೂರಬೇಕು. ವಾರವಾರವೂ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಹೆಣಗಿದ್ದಳು. ಮಾಹೀನ್ ಒಂದು ಕಣ್ಣು ವೀಣಳ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟು ನಗುತ್ತಿದ್ದಳು.

ಅದಕ್ಕೇ ಆ ಗುರುವಾರ ಅವಳನ್ನು ಕೈಹಿಡಿದು ಮುರಿದ ಬೆಂಚುಗಳ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿಂದ ಗಡಿಯಾರ ಕಾಣುತ್ತಿರಲಿಲ್ಲ.

ಬರುವಾಗ ಪೀರ್ ಪಾಷಾನ ಅಂಗಡಿಯಿಂದ ಒಂದು ಹಳೇ ಸೈಕಲ್ ಚೈನು, ಒಂದು ನಟ್ಟು, ಒಂದು ಉರಿದುಹೋದ ಬಲ್ಬು ಈಸಿಕೊಂಡು ಬಂದಿದ್ದಳು. ನೆಲದ ಮೇಲೆ ಚೈನು ಇಟ್ಟು ಪಕ್ಕದಲ್ಲಿ 'ಚೈನು' ಎಂದು ಬರೆದಳು. ಮಾಹೀನ್ ಎಂದಿನಂತೆ ಅದರ ಕೆಳಗೆ ಅಂದವಾಗಿ 'ಚೈನು' ಎಂದು ಇಳಿಸಿದಳು. ವೀಣ ಎರಡನ್ನೂ ಅಳಿಸಿ, ಕೋಣೆಯ ಆ ತುದಿಗೆ ಹೋಗಿ 'ಚೈನು' ಎಂದು ಬರೆದು ಬಂದಳು. ಹುಡುಗಿ ನೋಡಿದಳು. ಇಲ್ಲಿ ಚೈನು, ಅಲ್ಲಿ ಗೀಟು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಚೈನನ್ನು ಎತ್ತಿಕೊಂಡು ಹೋಗಿ ಆ ಬರಹದ ಮೇಲೆ ಇಟ್ಟಳು.

ವೀಣಳಿಗೆ ಕೂಗಬೇಕೆನಿಸಿತು. ಕೂಗಿದರೆ ಕೇಳುವವರಿಲ್ಲವೆಂದು ಸುಮ್ಮನೆ 'ನಟ್ಟು' ಎಂದು ಬಾಗಿಲ ಬಳಿ ಬರೆದಳು. ನಟ್ಟು ಬಾಗಿಲ ಬಳಿಗೆ ಹೋಯಿತು. ಬಲ್ಬು ಕಿಟಕಿಯ ಕೆಳಗೆ ಹೋಯಿತು. ಆಮೇಲೆ ಹುಡುಗಿಗೆ ಹುಚ್ಚೇ ಹಿಡಿದಂತಾಯಿತು. ವೀಣಳ ಸೆರಗು ಹಿಡಿದು ಎಳೆದು ಬೆಂಚು ತೋರಿಸಿದಳು: ಬರೆ. ಕಿಟಕಿ ತೋರಿಸಿದಳು: ಬರೆ. ಗೋಡೆಯ ಹಲ್ಲಿ, ವೀಣಳ ಚಪ್ಪಲಿ, ತನ್ನ ಜಡೆ.

ಕೊನೆಗೆ ವೀಣ 'ಮಾಹೀನ್' ಎಂದು ಬರೆದು ಅವಳ ಕಡೆ ಬೆರಳು ತೋರಿಸಿದಳು. ಹುಡುಗಿ ತಲೆ ಅಲ್ಲಾಡಿಸಿದಳು. ತಪ್ಪು. ಮೇಡಂಗೆ ಇಷ್ಟೂ ಗೊತ್ತಿಲ್ಲವೇ ಎಂಬ ಮುಖ ಮಾಡಿ, ತನ್ನ ನೋಟ್‌ಬುಕ್ಕನ್ನು ತಂದು ಆ ಬರಹದ ಮೇಲೆ ಇಟ್ಟಳು. ಅದರ ರಟ್ಟಿನ ಮೇಲೆ ಮೊದಲಿನಿಂದಲೂ ಬರೆದಿದ್ದದ್ದು ಅದೇ ತಾನೆ? ಚೈನಿನ ಹೆಸರು ಚೈನು, ನೋಟ್‌ಬುಕ್ಕಿನ ಹೆಸರು ಮಾಹೀನ್.

ಅವಳ ತರ್ಕದಲ್ಲಿ ಲೋಪವೇನೂ ಇರಲಿಲ್ಲ. ಮೇಷ್ಟ್ರು ತಿದ್ದಲೆಂದು ಮೂಲೆಯಲ್ಲಿ ಇಟ್ಟಿದ್ದ ಐದನೇ ತರಗತಿಯ ನೋಟ್‌ಬುಕ್ಕುಗಳನ್ನು ವೀಣ ತಂದು ಸಾಲಾಗಿ ಹರವಿದಳು. ಒಂದೊಂದರ ಮೇಲೂ ಒಂದೊಂದು ಬರಹ. ಮಾಹೀನಳ ಹುಬ್ಬು ಗಂಟಾಯಿತು. ಎಲ್ಲವೂ ನೋಟ್‌ಬುಕ್ಕೇ ಆದಮೇಲೆ ಇದೇನು ಬೇರೆ ಬೇರೆ? ಗಿಳಿಯ ಸ್ಟಿಕ್ಕರ್ ಅಂಟಿಸಿದ್ದು ಚಂದನಳ ಪುಸ್ತಕ ಎಂದು ಅವಳಿಗೆ ಗೊತ್ತಿತ್ತು. ವೀಣ ಅದನ್ನು ಹಿಡಿದು, ಕಿಟಕಿಯಿಂದ ಅಂಗಳದಾಚೆಯ ತರಗತಿಯಲ್ಲಿ ಜಡೆ ಕಚ್ಚುತ್ತ ಕೂತಿದ್ದ ಚಂದನಳನ್ನು ತೋರಿಸಿದಳು. ಮಾಹೀನ್ ಚಂದನಳನ್ನು ನೋಡಿದಳು. ಪುಸ್ತಕವನ್ನು ನೋಡಿದಳು. ತನ್ನ ಪುಸ್ತಕವನ್ನು ನೋಡಿದಳು. ಆಮೇಲೆ ತುಂಬಾ ನಿಧಾನವಾಗಿ ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡಳು, ಬೆಲ್ ಹೊಡೆದ ಮೇಲೆ ಕಂಬಿಯ ಮೇಲೆ ಇಡುವ ಹಾಗೆಯೇ.

ಸೀಮೆಸುಣ್ಣ ಕಿತ್ತುಕೊಂಡು ನೆಲದ ತುಂಬ ಮಾಹೀನ್ ಮಾಹೀನ್ ಎಂದು ಬರೆಯುತ್ತ ಬಾಗಿಲವರೆಗೂ ಬಂದಳು. ಬಾಗಿಲಲ್ಲಿ ತಲೆಯೆತ್ತಿದರೆ, ವರಾಂಡದ ಉದ್ದಕ್ಕೂ ತಟ್ಟೆ ಹಿಡಿದ ಮಕ್ಕಳು ನಿಂತು ಅವಳನ್ನೇ ನೋಡುತ್ತಿದ್ದರು. ಸುಣ್ಣ ಬಿಸಾಡಿ ಓಡಿದಳು. ಸಲಾಕೆ ಹಿಡಿದು ಹೊಡೆದಳು, ಹೊಡೆದಳು, ಕೆಂಪಯ್ಯನವರು ಹೋಗಿ ಕೈ ಹಿಡಿಯುವ ತನಕ ಹೊಡೆದಳು. ಬೋರಯ್ಯನ ಬೈಕು ಬಂದದ್ದು ಆಗಲೇ. ಅವನ ಬಾಯಿ ತೆರೆದು ಮುಚ್ಚುವುದನ್ನು, ಬೆರಳು ತನ್ನ ಕಡೆ ತಿರುಗುವುದನ್ನು ಅವಳು ಮರದ ಕೆಳಗೆ ನಿಂತು ನೋಡಿದಳು. ಆ ದಿನ ಕಂಬಿಯ ಮೇಲೆ ಕೈ ಇಡಲಿಲ್ಲ.

ಮುಂದಿನ ಗುರುವಾರ ವೀಣ ಚೈನು ಹಿಡಿದು ಬಂದರೆ ಮಾಹೀನ್ ಸ್ಟೂಲು ಬಿಟ್ಟು ಏಳಲಿಲ್ಲ. ಕೈ ಹಿಡಿದರೆ ಕೊಡವಿಕೊಂಡಳು. ನೆಲದ ಮೇಲೆ ಅವಳ ಹೆಸರು ಬರೆದರೆ ಅತ್ತ ನೋಡಲೂ ಇಲ್ಲ. ಕಣ್ಣು ಮುಳ್ಳಿಗೆ ಅಂಟಿತ್ತು. ಸಂಜೆ ವೀಣ ಜಾನ್ ಬೀಯ ಮನೆ ಬಾಗಿಲಿಗೆ ಹೋದಳು. ಮುದುಕಿ ಅಕ್ಕಿ ಆರಿಸುತ್ತಿದ್ದಳು.

"ಬಾ ಟೀಚರಮ್ಮ, ಕೂತ್ಕೊ. ನಿನ್ ಪಾಠ ಚೆನ್ನಾಗಿ ನಡೀತು ಬುಡು."

"ಅವಳಿಗೆ ಓದು ಹತ್ತಿತ್ತು ಅಜ್ಜೀ. ಒಂದೇ ದಿನದಲ್ಲಿ ಹತ್ತಿತ್ತು."

"ಊರೆಲ್ಲ ಬೈದ್ರಂತೆ. ಅವ್ಳಿಗೆ ಬೈಗುಳ ಕೇಳಾಕಿಲ್ಲ ಕಣವ್ವ, ಮುಖ ಕಾಣ್ತದಲ್ಲ." ಜಾನ್ ಬೀ ಒಂದು ಕಲ್ಲು ಆರಿಸಿ ಬಿಸಾಡಿದಳು. "ಎರಡು ದಿನ ಉಣ್ನಿಲ್ಲ."

"ಮೈಸೂರಲ್ಲಿ ಇಂಥ ಮಕ್ಕಳಿಗೇ ಅಂತ ಸ್ಕೂಲಿದೆ. ಹಾಸ್ಟೆಲ್ಲೂ ಇದೆ. ಎಲ್ಲರೂ ಕೈಯಲ್ಲೇ ಮಾತಾಡ್ತಾರೆ. ಹೋದ ವರ್ಷವೂ ಹೇಳಿದ್ದೆ."

"ನಾನೂ ಓದ್ ವರ್ಸವೇ ಯೋಳಿದ್ದೆ. ಎಣ್ಣು ಮಗ. ರಾತ್ರಿ ಯಾವನಾದ್ರೂ ಕೈ ಇಕ್ಕಿದ್ರೆ ಯಾರ್ಗೆ ಯೋಳ್ತಾಳೆ? ಎಂಗ್ ಯೋಳ್ತಾಳೆ? ನಿನ್ ಪುಸ್ತಕದಾಗೆ ಬರ್ದವ್ರಾ ಅದುಕ್ಕೆ?"

ಪುಸ್ತಕದಲ್ಲಿ ಬರೆದಿತ್ತು, ಶೋಷಣೆಯಿಂದ ರಕ್ಷಣೆ ಎಂಬ ಒಂದು ಸೆಕ್ಷನ್ನೇ ಇತ್ತು. ಆದರೆ ಆ ಮುದುಕಿಯ ಮುಖ ನೋಡಿ ಸೆಕ್ಷನ್ನು ಹೇಳುವ ಧೈರ್ಯ ವೀಣಳಿಗೆ ಬರಲಿಲ್ಲ.

ಉಳಿದದ್ದು ಒಂದೇ ದಾರಿ. ಶಾಲಾಭಿವೃದ್ಧಿ ಸಮಿತಿಯ ಮೀಟಿಂಗು ಕರೆಸಿದಳು. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದರು. ಪೀರ್ ಪಾಷಾ ಯಾರದೋ ಬೈಕಿನ ಇಂಜಿನ್ ಬಿಚ್ಚಿದ್ದರಿಂದ ಅವನ ಬದಲು ಜಾನ್ ಬೀ ಬಂದಳು. ಮಾಹೀನ್ ತನ್ನ ಸ್ಟೂಲಿನಲ್ಲೇ ಇದ್ದಳು. ಅವಳನ್ನು ಕರೆಯಬೇಕೆಂದು ಯಾರಿಗೂ, ವೀಣಳಿಗೂ, ಹೊಳೆಯಲಿಲ್ಲ.

ವೀಣ ಕಾಯ್ದೆಯನ್ನು ಓದಿದಳು. ನಿಧಾನವಾಗಿ, ಕನ್ನಡ ಮಾಡಿ, ತೊಂಬತ್ತೈದರಿಂದ ಹಿಡಿದು ಹದಿನಾರರ ತನಕ ಎಲ್ಲವನ್ನೂ ಹೇಳಿದಳು. ವಿರೋಧ ಬರುತ್ತದೆಂದು ಉತ್ತರಗಳನ್ನೂ ಸಿದ್ಧ ಮಾಡಿಕೊಂಡಿದ್ದಳು. ವಿರೋಧವೇ ಬರಲಿಲ್ಲ.

"ಬಾಳ ಒಳ್ಳೆ ಕಾನೂನು," ಎಂದ ಬೋರಯ್ಯ. "ಯಾವಾಗ್ಲೋ ಆಗ್ಬೇಕಿತ್ತು."

"ಆಗಿ ವರ್ಷಗಳಾಯ್ತು, ಬೋರಣ್ಣ."

"ಅಂಗಾರೆ ಇನ್ನೂ ಒಳ್ಳೇದಾಯ್ತಲ್ಲ. ಈಗ ನಾವೇನ್ ಮಾಡ್ಬೇಕು, ಅದ್ನ ಯೋಳಿ."

"ಬೆಲ್ಲಿನ ಕೆಲಸ ಅವಳಿಂದ ತಗೋಬೇಕು. ಅವಳು ಕ್ಲಾಸಲ್ಲಿ ಕೂರಬೇಕು."

ಬೋರಯ್ಯ ಕೆನ್ನೆ ತುರಿಸಿಕೊಂಡ. ಗುರುವಾರದ ಗಾಯ ಅವನಲ್ಲಿ ಇನ್ನೂ ಆರಿರಲಿಲ್ಲ. "ನಾನೂ ಅದ್ನೇ ಯೋಚ್ನೆ ಮಾಡ್ತಿದ್ದೆ. ಮನುಸ್ರನ್ನ ನಂಬಿ ಬೆಲ್ ಮಡಗಬಾರ್ದು. ಮದ್ದೂರಲ್ಲಿ ಒಂದ್ ಕಾನ್ವೆಂಟಲ್ಲಿ ನೋಡ್ದೆ, ಕರೆಂಟ್ ಬೆಲ್ಲು. ಟೈಮ್ ಕೂರ್ಸಿಬುಟ್ರೆ ತಾನೇ ವಡ್ಕತದೆ. ನಮ್ಮಪ್ಪನ ಎಸ್ರಲ್ಲಿ ನಾನೇ ಕೊಡುಸ್ತೀನಿ, ಬರ್ಕಳಿ."

ಚಪ್ಪಾಳೆ ಬಿತ್ತು. ವೀಣಳೂ ತಟ್ಟಿದಳು. ಕೆಲಸಕ್ಕೆ ಸೇರಿದಾಗಿನಿಂದ ಅವಳು ಕೇಳಿದ್ದು ಕೇಳಿದಂತೆಯೇ ಸಿಕ್ಕಿದ್ದು ಇದೇ ಮೊದಲು.

"ಬೆಲ್ ತಗಂಡ್ರೆ," ಎಂದಳು ಜಾನ್ ಬೀ, "ಬದಲಿಗೆ ಅವ್ಳಿಗೆ ಏನ್ ಕೊಡ್ತೀರಾ?"

"ಪಾಠ, ಅಜ್ಜೀ."

"ಯಾರ್ ಕೊಡೋರು? ನೀನು ವಾರಕ್ಕೊಂದ್ ಕಿತ ಬತ್ತೀಯ. ಮಿಕ್ಕಿದ್ ದಿನ?"

"ನಾವೆಲ್ಲ ಇಲ್ವಾ ಜಾನ್ ಬೀ?" ಎಂದರು ಕೆಂಪಯ್ಯ, ನಿಜವಾದ ಅಂತಃಕರಣದಿಂದ.

ಜಾನ್ ಬೀ ಅವರನ್ನೊಮ್ಮೆ, ಮರದಲ್ಲಿ ತೂಗುತ್ತಿದ್ದ ಕಂಬಿಯನ್ನೊಮ್ಮೆ ನೋಡಿದಳು. "ಇದ್ದೀರಿ ಬುಡಿ," ಎಂದಳು.

ಜನವರಿ ಇಪ್ಪತ್ತಾರಕ್ಕೆ ಕರೆಂಟ್ ಬೆಲ್ಲಿಗೆ ಹೂವಿನ ಹಾರ ಹಾಕಿ ಗುಂಡಿ ಒತ್ತಿದರು. ಕೆಂಪಯ್ಯನವರು ಸಂವಿಧಾನದ ಬಗ್ಗೆ ಮಾತಾಡಿದರು. ಬೋರಯ್ಯನ ಅಪ್ಪನ ಹೆಸರನ್ನು ಬೆಲ್ಲಿಗಿಂತ ದೊಡ್ಡ ಕಲ್ಲಿನಲ್ಲಿ ಕೆತ್ತಿಸಿತ್ತು. ರೈಲು ಕಂಬಿಯನ್ನು ಮರದಿಂದ ಇಳಿಸಿದರು. ಕಮ್ಮಾರನ ಅಡಿಗಲ್ಲಿನ ಹಾಗೆ ಸಾಮಾನು ಇಟ್ಟು ಬಡಿಯಲು ಬರುತ್ತದೆ ಎಂದು ಪೀರ್ ಪಾಷಾ ಕೇಳಿ ತೆಗೆದುಕೊಂಡು ಹೋದ. ಸ್ಟೂಲನ್ನು ಆಫೀಸಿನ ಕಂಪ್ಯೂಟರಿನ ಕೆಳಗೆ ಇಟ್ಟರು.

ಮಾಹೀನಳನ್ನು ಐದನೇ ತರಗತಿಯ ಮೊದಲ ಬೆಂಚಿನಲ್ಲಿ, ಕಾಯ್ದೆಯಲ್ಲಿ ಬರೆದ ಹಾಗೆಯೇ, ಚಂದನಳ ಪಕ್ಕ ಕೂರಿಸಿದರು. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳಿದರು. ಅವರಿಗೆ ಕೈಭಾಷೆ ಬರುತ್ತಿರಲಿಲ್ಲ; ತರಬೇತಿ ಆಗಿತ್ತು, ಒಂದು ಮಧ್ಯಾಹ್ನ, ಮಳವಳ್ಳಿಯಲ್ಲಿ, ಮೈಕು ಹಿಡಿದು. ಮಾಹೀನ್ ಬೋರ್ಡಿನಲ್ಲಿದ್ದುದನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿದಳು. ಗಡಿಯಾರ ಕಾಣದಿದ್ದರೂ ಹೊತ್ತು ಅವಳ ಮೈಯಲ್ಲಿ ಇಳಿದುಹೋಗಿತ್ತು. ಪೀರಿಯಡ್ಡು ಮುಗಿಯುವ ಹೊತ್ತಿಗೆ ಸರಿಯಾಗಿ ಎದ್ದು ಅಂಗಳಕ್ಕೆ ಹೋಗಿ ಖಾಲಿ ಕೊಂಬೆಯ ಕೆಳಗೆ ನಿಲ್ಲುತ್ತಿದ್ದಳು. ಕರೆಂಟ್ ಬೆಲ್ಲು ಅವಳ ಬೆನ್ನ ಹಿಂದೆಯೇ ಕಿರುಚುತ್ತಿತ್ತು. ಅವಳಿಗೆ ಅದು ಹೊಡೆದದ್ದೂ ಗೊತ್ತಾಗುತ್ತಿರಲಿಲ್ಲ. ಮಕ್ಕಳು ಓಡಿ ಬರುವುದನ್ನು ನೋಡಿ, ತಾನಿಲ್ಲದೆ ಇವರೆಲ್ಲ ಹೇಗೆ ಎದ್ದರು ಎಂದು ಕಣ್ಣರಳಿಸುತ್ತಿದ್ದಳು. ಮಕ್ಕಳು ನಕ್ಕರು. ಮೇಷ್ಟ್ರು ಅವಳನ್ನು ಭುಜ ಹಿಡಿದು ತಂದು ತಂದು ಕೂರಿಸಿದರು.

ಗುರುವಾರ ವೀಣ ಬಂದಾಗ ಮಾಹೀನ್ ಅವಳ ಜೊತೆ ಬಂದು ಕೂರುತ್ತಿದ್ದಳು, ಈಗ ತಡೆಯುವವರಿರಲಿಲ್ಲ. ಕೂರುತ್ತಿದ್ದಳು ಅಷ್ಟೇ. ಚೈನು ಎಂದು ಬರೆದರೆ ಚೈನು ಇಡುತ್ತಿದ್ದಳು. ಸೆರಗು ಎಳೆಯುತ್ತಿರಲಿಲ್ಲ. ಇನ್ನೇನೂ ತೋರಿಸಿ ಕೇಳುತ್ತಿರಲಿಲ್ಲ.

ಮಾರ್ಚಿನ ಮೊದಲಿಗೆ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಕೆಂಪಯ್ಯನವರು ತಾವೇ ಮನೆಗೆ ಹೋಗಿ ಕರೆದರು. ಜಾನ್ ಬೀ, "ಅಲ್ಲಿ ಅವ್ಳಿಗೇನ್ ಕೆಲ್ಸ ಐತೆ ಮೇಷ್ಟ್ರೇ?" ಎಂದಳು. ಕೆಂಪಯ್ಯನವರು ಶಾಲೆಗೆ ವಾಪಸ್ಸು ಬಂದರು. ಒಳ್ಳೆಯವರಾದ್ದರಿಂದ ಅವಳ ಹೆಸರನ್ನು ಹೊಡೆದುಹಾಕಲಿಲ್ಲ. ಮನೆಯಲ್ಲೇ ಶಿಕ್ಷಣ ಎಂದು ಬರೆದುಕೊಂಡು ದಿನವೂ ಹಾಜರಿ ಹಾಕಿದರು. ಮನೆಗೆ ಹೋಗಿ ಕಲಿಸಬೇಕಾದವಳು ವೀಣ. ಆದರೆ ಮದ್ದೂರು ತಾಲ್ಲೂಕಿನಲ್ಲಿ ಅವಳಂಥವರು ಯಾರೂ ಇಲ್ಲವೆಂದು ಮೇಲಿನವರು ಅವಳನ್ನು ಅಲ್ಲಿಗೆ ಹಾಕಿದರು. ಮಳವಳ್ಳಿಯಲ್ಲಿ ಈಗ ಅವಳಂಥವರು ಯಾರೂ ಇರಲಿಲ್ಲ. ಅಲ್ಲಿಗೆ ಸರಿಹೋಯಿತು.

ಜೂನಿನ ಒಂದು ಭಾನುವಾರ ವೀಣ ತನ್ನ ಪಾಡಿಗೆ ತಾನು ಬಸ್ಸು ಹತ್ತಿ ಬಂದಳು. ಪೀರ್ ಪಾಷಾ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಕಂಬಿ ಒಂದು ಮರದ ದಿಮ್ಮಿಯ ಮೇಲೆ ಅಡ್ಡಲಾಗಿ ಮಲಗಿತ್ತು.

"ಮೊದ್ಲು ತೊಲೆಗೆ ನೇತಾಕಿದ್ದೆ ಮೇಡಂ," ಎಂದ ಅವನು. "ಇವ್ಳು ಸುತ್ತಿಗೆ ತಗಂಡು ಇಸ್ಕೂಲ್ ಟೈಮ್‌ಗೆ ಸರ್ಯಾಗಿ ವಡ್ಯೋಳು. ನಮ್ಮೂರಲ್ಲಿ ಕರೆಂಟ್ ಕತೆ ಗೊತ್ತಲ್ಲ, ಆ ಬೆಲ್ಲು ಒಂದಿನ ವಡ್ದ್ರೆ ಮೂರ್ ದಿನ ಇಲ್ಲ. ಆಳ್ಗೋಳೆಲ್ಲ ಇವ್ಳು ವಡ್ದಿದ್ಕೇ ಊಟಕ್ ಕೂರೋರು. ಬೋರಣ್ಣ ಬಂದು, ಊರ್ಗೆ ಎರಡೆರಡ್ ಬೆಲ್ಲಾದ್ರೆ ಎಂಗ್ಲಾ ಪಾಷಾ, ನಮ್ಮಪ್ಪನ ಎಸ್ರೇನಾಯ್ತದೆ ಅಂದ್ರು. ಅವ್ರದ್ದೂ ನ್ಯಾಯವೇ ಅಲ್ವಾ? ಇಳಿಸ್ಬುಟ್ಟೆ. ನೆಲಕ್ ಮಡಗಿದ್ರೆ ಕಂಬಿ ಕೂಗಾಕಿಲ್ಲ."

"ಈಗಲೂ ಹೊಡೀತಾಳಾ?"

"ಒಂದೆರಡ್ ದಿನ ವಡ್ದು ನೋಡುದ್ಲು. ಕೈ ಇಟ್ ನೋಡುದ್ಲು. ಬುಟ್ಲು."

ಮಾಹೀನ್ ಒಳಗಿನಿಂದ ಬಂದಳು. ವೀಣಳನ್ನು ನೋಡಿ ನಕ್ಕಳು. ಅಂಗಡಿಯ ಕಪ್ಪು ಗೋಡೆಯ ಮೇಲೆ ಸುಣ್ಣದಲ್ಲಿ ಚೈನು, ನಟ್ಟು, ಬಲ್ಬು, ಮಾಹೀನ್ ಎಂದು ಒಂದರ ಕೆಳಗೊಂದು ಬರೆದಿತ್ತು. ಅಳಿಸಿದಲ್ಲೇ ಮತ್ತೆ ಮತ್ತೆ ಬರೆದು ದಪ್ಪವಾಗಿದ್ದವು. ಐದನೆಯದು ಇರಲಿಲ್ಲ. ಅವಳು ಸೀಮೆಸುಣ್ಣವನ್ನು ವೀಣಳ ಕೈಗೆ ಕೊಟ್ಟು, ದಿಮ್ಮಿಯ ಮೇಲೆ ಮಲಗಿದ್ದುದನ್ನು ತೋರಿಸಿದಳು: ಬರೆ.

ಬೆಲ್ಲು ಎಂದು ಬರೆಯಲು ವೀಣ ಕೈ ಎತ್ತಿದಳು. ಅದು ಈಗ ಬೆಲ್ಲಲ್ಲ. ಪೀರ್ ಪಾಷಾ ಅದರ ಮೇಲೆ ಬಗ್ಗಿದ ಪೆಡಲ್ಲೊಂದನ್ನು ಇಟ್ಟು ಬಡಿಯಲು ಶುರು ಮಾಡಿದ್ದ. 'ಕಂಬಿ' ಎಂದು ಬರೆದಳು. ಮಾಹೀನ್ ಅದನ್ನು ಕೆಳಗೆ ಅಂದವಾಗಿ ಇಳಿಸಿದಳು.

ಹಲಗೂರಿಗೆ ಹೋಗುವ ಆಟೋ ಬಂತು. ವೀಣ ಹತ್ತಿದಳು.

ಮಾಹೀನ್ ಆರನೇ ತರಗತಿಗೆ ಪಾಸಾಗಿದ್ದಾಳೆ. ಶಾಲೆಗೆ ಹೋಗುವುದಿಲ್ಲ.